ನಾಲ್ಕು ಚೌಕಗಳಲ್ಲಿ ಅಮ್ಮ

ಈ ಮಾತನ್ನು ನಮ್ಮ ಬಾನುಲಿಯಲ್ಲಿ ಈಗಾಗಲೇ ಕೇಳಿದವರು ಇದ್ದರೆ ಕ್ಷಮಿಸಿ, ಇದು ನಿಮಗೆ ಎರಡನೇ ಸಲ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಕನ್ನಡ ನಿಧಾನವಾಗಿ ಓದುವವರು ನಿಧಾನವಾಗಿಯೇ ಓದಿ, ಅವಸರವಿಲ್ಲ.

ನನ್ನ ಮಗಳಿಗೆ ಹದಿನೇಳು ವರ್ಷ. ಒಂದು ವರ್ಷದಿಂದ ಅವಳು ಒಂದು ವೆಬ್‌ಕಾಮಿಕ್ ಬರೆಯುತ್ತಿದ್ದಾಳೆ. ದಿನಚರಿ ಕಾಮಿಕ್. ಅಂದರೆ ದಿನಕ್ಕೊಂದು ಸಣ್ಣ ಚಿತ್ರಕಥೆ, ಅವತ್ತು ನಡೆದದ್ದು ನಾಲ್ಕು ಚೌಕಗಳಲ್ಲಿ. ಒಂದು ಭಾನುವಾರ ದೋಸೆ ಹಾಕುತ್ತಿದ್ದಾಗ ಫೋನು ತಂದು ಮುಂದೆ ಹಿಡಿದಳು. "ಅಮ್ಮ, ನೀನು ಕನ್ನಡ ಎಂಎ ಅಲ್ವಾ? ಕಥೆ ಕವನ ಎಲ್ಲ ವಿಮರ್ಶೆ ಮಾಡ್ತೀಯ. ಇದನ್ನೂ ಮಾಡು."

ಒಲೆ ಸಣ್ಣ ಮಾಡಿ ಓದಿದೆ. ಮೊದಲ ಚೌಕದಲ್ಲಿ ನಾನಿದ್ದೆ. ಹಣೆಗೆ ರೂಪಾಯಿ ಅಗಲದ ಕುಂಕುಮ, ಸೊಂಟದ ಮೇಲೆ ಕೈ. ಎರಡನೇ ಚೌಕದಲ್ಲಿ ಔಷಧಿ ಅಂಗಡಿಯ ಕೌಂಟರ್ ಮುಂದೆ ನಿಂತು ಹೇಳುತ್ತಿದ್ದೇನೆ: "ಮೈ ಹಸ್ಬೆಂಡ್ ಟ್ಯಾಬ್ಲೆಟ್ ಈಸ್ ಫಿನಿಶ್, ಯು ಗಿವ್ ನೋ!" ಮೂರನೇ ಚೌಕದಲ್ಲಿ ಕೌಂಟರಿನ ಹುಡುಗನ ಮುಖ, ಎರಡು ಚುಕ್ಕಿ ಕಣ್ಣು, ಬಾಯಿಯೇ ಇಲ್ಲ. ನಾಲ್ಕನೇ ಚೌಕದಲ್ಲಿ ನನ್ನ ಮಗಳು ಶ್ಯಾಂಪೂ ಸಾಲಿನ ಹಿಂದೆ ಬಚ್ಚಿಟ್ಟುಕೊಂಡಿದ್ದಾಳೆ. ಅವಳ ಎಲ್ಲ ಕಾಮಿಕ್‌ಗಳಿಗಿಂತ ಅದಕ್ಕೇ ಹೆಚ್ಚು ಲೈಕು ಬಿದ್ದಿತ್ತಂತೆ.

ನಗು ಬಂತು. ಚೆನ್ನಾಗಿಯೇ ಬರೆದಿದ್ದಳು. ಆಮೇಲೆ ದೋಸೆ ಮಗುಚುತ್ತಾ ಮಗುಚುತ್ತಾ ಎಲ್ಲೋ ಚುಚ್ಚಿತು. "ಇದು ಸುಳ್ಳು" ಅನ್ನುವ ಹಾಗಿರಲಿಲ್ಲ. ಆ ಅಂಗಡಿಗೆ ಹೋಗಿದ್ದು ನಿಜ, ಆ ಮಾತಿಗೆ ಹತ್ತಿರದ ಏನನ್ನೋ ನಾನು ಹೇಳಿದ್ದೂ ನಿಜ. ಹಾಗಿದ್ದರೆ ನಾನು ವಿಮರ್ಶೆ ಅಂತ ಏನು ಹೇಳಲಿ? ಕಥೆಯಾದರೆ "ಈ ಪಾತ್ರ ಪೊಳ್ಳಾಗಿದೆ" ಅನ್ನಬಹುದು. ಪಾತ್ರವೇ ನಾನಾದಾಗ?

ನಿಮ್ಮಲ್ಲಿ ಎಷ್ಟೋ ಜನ ಇಂಥ ಕಾಮಿಕ್ ಓದುತ್ತೀರಿ, ಕೆಲವರು ಬರೆಯುತ್ತೀರಿ. ಫೆಬ್ರವರಿ 1ರಂದು ಗಂಟೆಗೊಂದು ಚಿತ್ರ ಬರೆಯುವ ಆಟ ಆಡುವವರೂ ಇದ್ದೀರಿ. ಅದಕ್ಕೇ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಒಬ್ಬರ ಜೀವನವನ್ನು ಬೈಯದೆ ಅವರ ದಿನಚರಿಯನ್ನು ವಿಮರ್ಶೆ ಮಾಡುವುದು ಹೇಗೆ? ಉತ್ತರ ಹುಡುಕುತ್ತಾ ನಾನು ಈ ಪ್ರಕಾರದ ಇತಿಹಾಸಕ್ಕೆ ಹೋದೆ. ಅಲ್ಲಿ ಸಿಕ್ಕಿದ್ದು ನನಗೆ ಉಪಯೋಗವಾಯಿತು, ನಿಮಗೂ ಆಗಬಹುದು.

ಮೊದಲು ದಿನಚರಿ ಅನ್ನುವ ಮಾತನ್ನೇ ನೋಡೋಣ. ಊರಿನಲ್ಲಿ ನಮ್ಮಮ್ಮ ಬ್ಯಾಂಕಿನವರು ಪುಕ್ಕಟೆ ಕೊಡುತ್ತಿದ್ದ ಡೈರಿಯಲ್ಲಿ ಬರೆಯುತ್ತಿದ್ದಳು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಯಾರ ಮನೆ ನಾಮಕರಣಕ್ಕೆ ಎಷ್ಟು ಮುಯ್ಯಿ. ಅಪ್ಪನಿಗೆ ಎದೆನೋವು ಬಂದ ದಿನ ಅದರಲ್ಲಿ ಇರುವುದು ಎರಡೇ ಪದ: "ಇವರು ಆಸ್ಪತ್ರೆ." ಮುಂದಿನ ಸಾಲಿನಲ್ಲಿ ಮತ್ತೆ ಹಾಲಿನ ಲೆಕ್ಕ. ಬೇರೆಯವರು ಓದಲಿ ಅಂತ ಬರೆದದ್ದಲ್ಲ ಅದು.

ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಬರೆದ ಪ್ರಸಿದ್ಧ ದಿನಚರಿಯೂ ಬೇರೆಯವರಿಗಾಗಿ ಬರೆದದ್ದಲ್ಲ. ಅವನು ಅದನ್ನು ಶೀಘ್ರಲಿಪಿಯಲ್ಲಿ ಬರೆದ. ಲಂಡನ್ನಿಗೆ ಬೆಂಕಿ ಬಿದ್ದದ್ದು, ಪ್ಲೇಗು ಬಂದದ್ದು, ತಾನು ಹೆಂಡತಿಗೆ ಮಾಡಿದ ಮೋಸ, ಎಲ್ಲವೂ ಅದರಲ್ಲಿವೆ.

ಆದರೆ ಯಾರೋ ಓದುತ್ತಾರೆ ಅಂತ ಗೊತ್ತಾದ ಕ್ಷಣ ದಿನಚರಿ ಬದಲಾಗುತ್ತದೆ. ಇದಕ್ಕೆ ಬಾನುಲಿಯವರಾದ ನಾವು ನೆನಪಿಡಬೇಕಾದ ಒಂದು ಉದಾಹರಣೆ ಇದೆ. 1944ರ ಮಾರ್ಚ್ 28ರಂದು ಲಂಡನ್ನಿನಿಂದ ರೇಡಿಯೋ ಒರಾನ್ಯೆಯಲ್ಲಿ ಡಚ್ ಸಚಿವ ಬೋಲ್ಕೆಸ್ಟೈನ್ ಮಾತಾಡಿದರು. ಯುದ್ಧದ ಕಾಲದ ದಿನಚರಿ, ಪತ್ರಗಳನ್ನು ಜೋಪಾನ ಮಾಡಿ, ಯುದ್ಧ ಮುಗಿದ ಮೇಲೆ ಸಂಗ್ರಹಿಸುತ್ತೇವೆ ಅಂತ ಜನರಿಗೆ ಹೇಳಿದರು. ಆ ಮಾತನ್ನು ಆಮ್‌ಸ್ಟರ್‌ಡ್ಯಾಮ್‌ನ ಒಂದು ಅಡಗುದಾಣದಲ್ಲಿ ಹದಿನಾಲ್ಕು ವರ್ಷದ ಆನ್ ಫ್ರ್ಯಾಂಕ್ ಕೇಳಿಸಿಕೊಂಡಳು. ಅದೇ ಮೇ ತಿಂಗಳಲ್ಲಿ ತನ್ನ ದಿನಚರಿಯನ್ನು ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯಲು ಕುಳಿತಳು. ಕೆಲವನ್ನು ಕೈಬಿಟ್ಟಳು, ಕೆಲವನ್ನು ಸೇರಿಸಿದಳು, ಜೊತೆಗಿದ್ದವರಿಗೆ ಬೇರೆ ಹೆಸರು ಇಟ್ಟಳು. ಆಗಸ್ಟ್ 4ರಂದು ಅವರೆಲ್ಲ ಸೆರೆಯಾದರು.

ಗಮನಿಸಿ, ತಿದ್ದಿದ್ದರಿಂದ ಆ ದಿನಚರಿ ಸುಳ್ಳಾಗಲಿಲ್ಲ. ಆದರೆ ಅದು ಕೇವಲ ಡೈರಿಯಾಗಿ ಉಳಿಯಲಿಲ್ಲ, ಬರಹವಾಯಿತು. ಏನು ಇರಬೇಕು, ಏನು ಬೇಡ, ಯಾರನ್ನು ಯಾವ ಹೆಸರಿನಿಂದ ಕರೆಯಬೇಕು ಅಂತ ಒಬ್ಬ ಲೇಖಕಿ ತೀರ್ಮಾನಿಸಿದಳು. ನನಗೆ ಸಿಕ್ಕ ಮೊದಲ ಉತ್ತರ ಇದು. ವಿಮರ್ಶೆ ಮಾಡಬೇಕಾದ್ದು ಬದುಕನ್ನಲ್ಲ, ಆ ತೀರ್ಮಾನಗಳನ್ನು.

ಈಗ ಚಿತ್ರಗಳಿಗೆ ಬರೋಣ. ವಲಸೆ ಬಂದ ಒಬ್ಬ ಹುಡುಗ ತನ್ನ ಬದುಕನ್ನು ಕಾಮಿಕ್ ಆಗಿ ಬರೆಯುವುದು ಇನ್‌ಸ್ಟಾಗ್ರಾಂ ಕಾಲದ ವಿಚಾರ ಅಂತ ನೀವು ಅಂದುಕೊಂಡಿದ್ದರೆ, ಹೆನ್ರಿ ಕಿಯಾಮಾ ಅವರ ಕಥೆ ಕೇಳಿ.

ಹೆನ್ರಿ ಯೋಶಿತಾಕಾ ಕಿಯಾಮಾ ಜಪಾನಿನ ತೊತ್ತೊರಿ ಪ್ರಾಂತ್ಯದವರು. 1904ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗನಾಗಿದ್ದಾಗ, ಚಿತ್ರಕಲೆ ಕಲಿಯಲು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಮುಂದೆ 52 ಕಂತುಗಳ ಒಂದು ಕಾಮಿಕ್ ಬರೆದು, 1931ರಲ್ಲಿ ತಾವೇ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ನಾಲ್ಕು ಗೆಳೆಯರು, ಹೆನ್ರಿ, ಫ್ರೆಡ್, ಫ್ರ್ಯಾಂಕ್, ಚಾರ್ಲಿ. ಒಬ್ಬನಿಗೆ ಚಿತ್ರ ಕಲಿಯುವ ಆಸೆ, ಒಬ್ಬನಿಗೆ ಬೇಸಾಯ, ಒಬ್ಬನಿಗೆ ವ್ಯಾಪಾರ, ಒಬ್ಬನಿಗೆ ಅಮೆರಿಕದ ಪ್ರಜಾಪ್ರಭುತ್ವವನ್ನು ಕಣ್ಣಾರೆ ನೋಡುವ ಆಸೆ. ಪೂರ್ತಿ ಆತ್ಮಕಥೆ ಅಲ್ಲ, ಆದರೆ ತಾನೂ ತನ್ನವರೂ ಕಂಡದ್ದನ್ನು ಬರೆದದ್ದು. ಹುಡುಗರು ಬಿಳಿಯರ ಮನೆಗಳಲ್ಲಿ ಕೆಲಸಕ್ಕೆ ಸೇರಿ ಒಲೆ ಹೊತ್ತಿಸಲು, ಪಾತ್ರೆ ತೊಳೆಯಲು ಗೊತ್ತಾಗದೆ ಪೇಚಾಡುತ್ತಾರೆ. ಯಜಮಾನಿ ಹೇಳಿದ್ದೊಂದು, ಇವರು ಮಾಡಿದ್ದೊಂದು. ಕಂತು ಮುಗಿಯುವುದು ನಗುವಿನಲ್ಲೇ.

ಆದರೆ ಆ ನಗುವಿನ ಜೊತೆಜೊತೆಗೆ ಇತಿಹಾಸವೂ ಸಾಗುತ್ತದೆ. 1906ರ ಭೂಕಂಪ, 1915ರ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನ, ಬರೀ ಫೋಟೋ ನೋಡಿ ಮದುವೆಯಾಗಿ ಹಡಗಿನಲ್ಲಿ ಬರುತ್ತಿದ್ದ ವಧುಗಳು, 1918ರ ಇನ್‌ಫ್ಲುಯೆಂಜಾ, ಜಪಾನಿಯರು ಜಮೀನು ಕೊಳ್ಳದಂತೆ ತಡೆದ ಕಾನೂನು, ಕೊನೆಗೆ ಜಪಾನಿಯರ ವಲಸೆಯನ್ನೇ ನಿಲ್ಲಿಸಿದ 1924ರ ಕಾನೂನು. ಇದು ನಮಗೆ ದೂರದ ಕಥೆಯಲ್ಲ. ಜಪಾನಿಯರು ಅಮೆರಿಕದ ಪೌರರಾಗಲು ಬರುವುದಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟು 1922ರಲ್ಲಿ ಹೇಳಿತು. ಮಾರನೇ ವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರಿಗೂ ಅದೇ ಮಾತು ಹೇಳಿತು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

ಕಿಯಾಮಾ ಅವರ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾಷೆ. ಅವರು ಅದನ್ನು ಎರಡು ಭಾಷೆಗಳಲ್ಲಿ ಬರೆದಿದ್ದಾರೆ. ಗೆಳೆಯರು ತಮ್ಮತಮ್ಮಲ್ಲಿ ಆಡುವುದು ಜಪಾನಿ. ಅಮೆರಿಕನ್ನರ ಬಾಯಲ್ಲಿ ಬರುವುದು ಕಿಯಾಮಾ ಕೈಯಾರೆ ಬರೆದ ಇಂಗ್ಲಿಷು, ಸ್ವಲ್ಪ ಎಡವುವ ಇಂಗ್ಲಿಷು. 1980ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಪುಸ್ತಕ ಫ್ರೆಡರಿಕ್ ಶಾಟ್ ಅವರ ಕೈಗೆ ಸಿಕ್ಕಿತು. ಮುಂದೆ ಅವರು ಅದನ್ನು ಅನುವಾದಿಸಿದಾಗ ಜಪಾನಿ ಮಾತನ್ನು ಸರಾಗವಾದ ಇಂಗ್ಲಿಷಿಗೆ ತಂದರು, ಮೂಲದ ಇಂಗ್ಲಿಷನ್ನು ಇದ್ದ ಹಾಗೆಯೇ ಬಿಟ್ಟರು. ಹಾಗಾಗಿ ಅನುವಾದದಲ್ಲಿ ವಲಸೆಗಾರರು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾರೆ, ತೊದಲುವವರು ಊರಿನವರೇ! ಅಂದರೆ ನಾಲ್ಕು ಗೆಳೆಯರು ತಮ್ಮ ಕೋಣೆಯೊಳಗೆ ಹೇಗಿದ್ದರೋ ಹಾಗೆ ನಮಗೆ ಕೇಳಿಸುತ್ತಾರೆ. ಜಾಣರು, ತುಂಟರು, ಒಬ್ಬರ ಕಾಲು ಒಬ್ಬರು ಎಳೆಯುವವರು. ಯಜಮಾನಿಯ ಅಡುಗೆಮನೆಯಲ್ಲಿ ಪೆದ್ದರಂತೆ ನಿಂತವರೂ ಇವರೇ.

ದೋಸೆಯ ಭಾನುವಾರ ನನಗೆ ಚುಚ್ಚಿದ್ದು ಏನು ಅಂತ ಇಲ್ಲಿಗೆ ಬಂದಾಗ ಹೊಳೆಯಿತು. ನನ್ನ ಮಗಳ ಕಾಮಿಕ್ ಪೂರ್ತಿ ಹುಡುಕಿದೆ. ಅದರಲ್ಲಿ ಎಲ್ಲಿಯೂ ನಾನು ಕನ್ನಡ ಮಾತಾಡುವುದೇ ಇಲ್ಲ. ಮನೆಯೊಳಗೂ, ಅವಳ ಜೊತೆಗೂ, ನನ್ನ ಬಾಯಲ್ಲಿ ಅದೇ ಕೌಂಟರಿನ ಇಂಗ್ಲಿಷು.

ಸ್ವಲ್ಪ ಮುಂದೆ ಹೋಗೋಣ. ಕಿಯಾಮಾ ಅವರ ಪುಸ್ತಕ ಬಹುಕಾಲ ಮರೆತೇಹೋಗಿತ್ತು. ಅಮೆರಿಕದ ಕಾಮಿಕ್ ಲೋಕದಲ್ಲಿ ಆತ್ಮಕಥೆ ಬೇರೆಯದೇ ದಾರಿಯಲ್ಲಿ ಹುಟ್ಟಿತು. 1972ರಲ್ಲಿ ಜಸ್ಟಿನ್ ಗ್ರೀನ್ ಅನ್ನುವವರು 'ಬಿಂಕಿ ಬ್ರೌನ್' ಪುಸ್ತಕ ತಂದರು. ತಮ್ಮ ಬಾಲ್ಯದ ಧಾರ್ಮಿಕ ಭಯ, ಇಂದು ನಾವು ಗೀಳು ಕಾಯಿಲೆ ಅನ್ನುವ ತೊಂದರೆ, ನಾಚಿಕೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದರು. 1976ರಿಂದ ಹಾರ್ವೆ ಪೀಕರ್ 'ಅಮೆರಿಕನ್ ಸ್ಪ್ಲೆಂಡರ್' ತಂದರು. ಅವರು ಕ್ಲೀವ್‌ಲ್ಯಾಂಡಿನ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಫೈಲು ಜೋಡಿಸುವ ಗುಮಾಸ್ತ. ಚಿತ್ರ ಬರೆಯಲು ಬರುತ್ತಿರಲಿಲ್ಲ. ಕಡ್ಡಿಗೊಂಬೆ ಗೀಚಿ ಮಾತು ತುಂಬಿ ಕೊಡುತ್ತಿದ್ದರು, ಚಿತ್ರವನ್ನು ಬೇರೆಯವರು ಬರೆಯುತ್ತಿದ್ದರು. ಅಂಗಡಿಯ ಸಾಲಿನಲ್ಲಿ ಕಾಯುವುದು, ಆಫೀಸಿನ ಹರಟೆ, ಇಂಥವೂ ಕಥೆಯಾಗಬಲ್ಲವು ಅಂತ ತೋರಿಸಿಕೊಟ್ಟವರು ಅವರು.

ಬಿಂಕಿ ಬ್ರೌನ್ ಇಲ್ಲದಿದ್ದರೆ ತಮ್ಮ ಪುಸ್ತಕ ಇರುತ್ತಿರಲಿಲ್ಲ ಅಂತ ಹೇಳಿದವರು ಆರ್ಟ್ ಸ್ಪೀಗಲ್‌ಮನ್. ಅವರ 'ಮಾಸ್' ನಿಮ್ಮಲ್ಲಿ ಕೆಲವರಿಗೆ ಶಾಲೆಯಲ್ಲೇ ಪಾಠವಾಗಿರಬಹುದು. ನಾಜಿಗಳ ಕೈಯಿಂದ ಬದುಕಿ ಉಳಿದ ತಂದೆಯ ಕಥೆಯನ್ನು ಮಗ ಕೇಳಿ ಬರೆದದ್ದು, ಯೆಹೂದಿಗಳು ಇಲಿ, ಜರ್ಮನರು ಬೆಕ್ಕು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಬಹುಮಾನ ಬಂತು. ಅದರಿಂದ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ಮತ್ತೆ ಭಾಷೆ. ನ್ಯೂಯಾರ್ಕಿನಲ್ಲಿ ಮುದುಕನಾಗಿ ಕೂತು ಕಥೆ ಹೇಳುವಾಗ ತಂದೆಯ ಇಂಗ್ಲಿಷು ಮುರುಕಲು, ಪದಗಳೆಲ್ಲ ಹಿಂದುಮುಂದು. ಆದರೆ ಪೋಲೆಂಡಿನ ಹಳೆಯ ದಿನಗಳ ಚಿತ್ರ ಬಂದ ಕೂಡಲೇ ಅದೇ ಮನುಷ್ಯ ಸ್ಪಷ್ಟವಾಗಿ, ಸರಾಗವಾಗಿ ಮಾತಾಡುತ್ತಾನೆ. ಯಾಕೆಂದರೆ ಅಲ್ಲಿ ಅವನು ತನ್ನ ಭಾಷೆಯಲ್ಲಿದ್ದ. ಮಗ ಎರಡನ್ನೂ ತೋರಿಸಿದ್ದಾನೆ. ಮುರುಕಲು ಇಂಗ್ಲಿಷನ್ನು ಮುಚ್ಚಿಡಲಿಲ್ಲ. ಅಪ್ಪ ಅಂದರೆ ಅಷ್ಟೇ ಅಂತಲೂ ಬಿಡಲಿಲ್ಲ.

ಎರಡನೆಯದು ಸ್ವಲ್ಪ ಕಸಿವಿಸಿ ಮಾಡುವಂಥದ್ದು. ಮೊದಲ ಅಧ್ಯಾಯದಲ್ಲೇ ತಂದೆ ತನ್ನ ಮದುವೆಗೆ ಮುಂಚಿನ ಒಂದು ಸಂಬಂಧದ ಕಥೆ ಹೇಳಿ, ಇದನ್ನು ಮಾತ್ರ ಪುಸ್ತಕದಲ್ಲಿ ಹಾಕಬೇಡ ಅನ್ನುತ್ತಾನೆ. ಮಗ ಆಗಲಿ ಅಂತ ಮಾತು ಕೊಡುತ್ತಾನೆ. ಆ ಕಥೆಯೂ, ಆ ಮಾತು ಕೊಟ್ಟದ್ದೂ, ಎರಡೂ ಪುಸ್ತಕದಲ್ಲಿ ಅಚ್ಚಾಗಿವೆ. ಅದು ಮೋಸವೋ, ತನ್ನ ತಪ್ಪನ್ನೂ ಮುಚ್ಚಿಡದ ಪ್ರಾಮಾಣಿಕತೆಯೋ? ನಾನು ಓದಿದಾಗಲೆಲ್ಲ ಬೇರೆ ಬೇರೆ ಉತ್ತರ ಬಂದಿದೆ. ಆದರೆ ಒಂದಂತೂ ಇದೆ. ಆ ಪುಸ್ತಕದಲ್ಲಿ ಮಗ ತನ್ನನ್ನೂ ಬಿಟ್ಟುಕೊಟ್ಟಿಲ್ಲ. ತನ್ನ ಸಿಡುಕು, ಸ್ವಾರ್ಥ, ಅಪ್ಪನ ಮೇಲಿನ ಬೇಸರ ಎಲ್ಲವನ್ನೂ ಅಪ್ಪನ ಜಿಪುಣತನದ ಪಕ್ಕದಲ್ಲೇ ಇಟ್ಟಿದ್ದಾನೆ.

ಇಷ್ಟೆಲ್ಲ ಆಗಿ ದಿನಚರಿ ಕಾಮಿಕ್ ಇಂಟರ್‌ನೆಟ್ಟಿಗೆ ಬಂತು. ಅದರಲ್ಲಿ ದೊಡ್ಡ ಹೆಸರು ವರ್ಮಾಂಟ್ ರಾಜ್ಯದ ಜೇಮ್ಸ್ ಕೊಚಾಲ್ಕಾ ಅವರ 'ಅಮೆರಿಕನ್ ಎಲ್ಫ್'. 1998ರ ಅಕ್ಟೋಬರ್ 26ರಂದು ಶುರು ಮಾಡಿದರು. ದಿನಕ್ಕೊಂದು, ಸಾಮಾನ್ಯವಾಗಿ ನಾಲ್ಕು ಚೌಕ. 2002ರಿಂದ ವೆಬ್‌ನಲ್ಲಿ ದಿನವೂ ಬರತೊಡಗಿತು. 2012ರ ಡಿಸೆಂಬರ್ 31ರಂದು ನಿಲ್ಲಿಸಿದರು. ಹದಿನಾಲ್ಕು ವರ್ಷ ದಾಟಿತು, ಐದು ಸಾವಿರಕ್ಕೂ ಹೆಚ್ಚು ದಿನಗಳ ಅವಧಿ. 2011ರಲ್ಲಿ ವರ್ಮಾಂಟ್ ಅವರಿಗೆ ರಾಜ್ಯದ ಮೊದಲ 'ಕಾರ್ಟೂನಿಸ್ಟ್ ಲಾರಿಯೇಟ್' ಗೌರವ ಕೊಟ್ಟಿತು. ಇವತ್ತು ನೀವು ಫೋನಿನಲ್ಲಿ ನೋಡುವ ಎಷ್ಟೋ ದಿನಚರಿ ಕಾಮಿಕ್‌ಗಳ ಅಜ್ಜ ಇದು ಅನ್ನಬಹುದು.

ಕೊಚಾಲ್ಕಾ ತಮ್ಮನ್ನು ಚೂಪು ಕಿವಿಯ, ಉಬ್ಬು ಹಲ್ಲಿನ ಒಂದು ಕುಳ್ಳ ಯಕ್ಷನ ಹಾಗೆ ಬರೆದುಕೊಳ್ಳುತ್ತಾರೆ. ಸುತ್ತ ಹೆಂಡತಿ, ಬೆಕ್ಕು, ಗೆಳೆಯರು, ಮುಂದೆ ಇಬ್ಬರು ಗಂಡುಮಕ್ಕಳು. ಹಿಮ ಬಿತ್ತು, ಜಗಳವಾಯಿತು, ಮಗು ಏನೋ ಅಂದಿತು, ಇಷ್ಟೇ ವಸ್ತು. ಇದನ್ನು ವಿಮರ್ಶೆ ಮಾಡಿ ಅಂದರೆ ನಾನು ಏನು ಹೇಳುತ್ತೇನೆ?

ಮೊದಲು ಒಳ್ಳೆಯದು. ಯಾವುದೋ ಒಂದು ದಿನದ್ದನ್ನು ತೆಗೆದು ನೋಡಿದರೆ "ಇದರಲ್ಲೇನಿದೆ?" ಅನ್ನಿಸುತ್ತದೆ. ಇನ್ನೂರು ದಿನಗಳದ್ದನ್ನು ಒಟ್ಟಿಗೆ ಓದಿದರೆ ಬೇರೆಯೇ ಒಂದು ವಸ್ತು ಕೈಗೆ ಬರುತ್ತದೆ. ಮಗು ಹುಟ್ಟುತ್ತದೆ, ಮಾತು ಕಲಿಯುತ್ತದೆ, ಶಾಲೆಗೆ ಹೋಗುತ್ತದೆ, ಬರೆಯುವವನಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿಲ್ಲದೆಯೇ. ಕಾದಂಬರಿಕಾರನಿಗೆ ಕೊನೆ ಗೊತ್ತಿರುತ್ತದೆ, ದಿನಚರಿ ಬರೆಯುವವನಿಗೆ ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ಅದರ ಶಕ್ತಿ. ಆದ್ದರಿಂದ ದಿನಚರಿ ಕಾಮಿಕ್ಕನ್ನು ಒಂದೇ ಕಂತು ನೋಡಿ ತೂಗಬೇಡಿ, ರಾಶಿಯಾಗಿ ಓದಿ ತೂಗಿ.

ಈಗ ತಕರಾರು. 1996ರಲ್ಲಿ 'ದಿ ಕಾಮಿಕ್ಸ್ ಜರ್ನಲ್' ಪತ್ರಿಕೆಗೆ ಕೊಚಾಲ್ಕಾ ಬರೆದ ಒಂದು ಪತ್ರ ದೊಡ್ಡ ಜಗಳ ಎಬ್ಬಿಸಿತ್ತು. ಅದರ ಸಾರ, ಕುಶಲತೆಯೇ ಕಲೆಗೆ ಶತ್ರು. ಕೈ ಪಳಗುವವರೆಗೆ ಕಾಯುತ್ತಾ ಕೂರಬೇಡಿ, ಬರೆಯಿರಿ ಅನ್ನುವ ಅರ್ಥದಲ್ಲಿ ಅದು ಧೈರ್ಯ ಕೊಡುವ ಮಾತು. "ನನಗೆ ಚಿತ್ರ ಬರಲ್ಲ" ಅಂತ ಕೂತಿದ್ದ ಎಷ್ಟೋ ಜನರಿಗೆ ಅದು ಬೇಕಾಗಿತ್ತು. ಆದರೆ ಅದೇ ಮಾತು ಸೋಮಾರಿತನಕ್ಕೂ ನೆಪವಾಗುತ್ತದೆ. ಚಿತ್ರ ಒರಟಾಗಿದ್ದರೆ ಚಿಂತೆಯಿಲ್ಲ. ಯೋಚನೆ ಒರಟಾಗಿದ್ದರೆ? ದಿನವೂ ಒಂದು ಕಂತು ಕೊಡಲೇಬೇಕು ಅಂದಾಗ ಕೈಗೆ ಮೊದಲು ಸಿಗುವುದು ಹತ್ತಿರದಲ್ಲಿ ಇರುವವರು. ಹೆಂಡತಿಯ ಕೋಪ, ಮಗುವಿನ ಅಳು. ಮಗುವನ್ನು ಕೇಳಿ ಬರೆಯುವ ಹಾಗಿಲ್ಲ. ಅಮೆರಿಕನ್ ಎಲ್ಫ್ ಓದುವಾಗ ನನಗೆ ಕೆಲವೊಮ್ಮೆ ಅನ್ನಿಸುವುದು, ಈ ಮನೆಯಲ್ಲಿ ಎಲ್ಲರೂ ಆ ಯಕ್ಷನ ಕಣ್ಣಿನಿಂದಲೇ ಕಾಣುತ್ತಾರೆ, ಅವನ ಬೆನ್ನ ಹಿಂದೆ ಅವರು ಹೇಗಿದ್ದಾರೆ ಗೊತ್ತಾಗುವುದಿಲ್ಲ. ಅದು ದಿನಚರಿಯ ಗುಣವೇ ಹೌದು, ಮಿತಿಯೂ ಹೌದು.

ಇನ್ನೊಂದು ಮಾತು ಕಾಮಿಕ್‌ನ ರಚನೆಗೆ ಸೇರಿದ್ದು. ಸ್ಕಾಟ್ ಮೆಕ್ಲೌಡ್ 1993ರಲ್ಲಿ ಬರೆದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಪುಸ್ತಕದಲ್ಲಿ ಎರಡು ವಿಚಾರಗಳನ್ನು ಬಿಡಿಸಿ ಹೇಳುತ್ತಾರೆ. ಮುಖವನ್ನು ಸರಳ ಮಾಡಿದಷ್ಟೂ ಓದುಗ ಅದರೊಳಗೆ ತನ್ನನ್ನು ಕಾಣುತ್ತಾನೆ. ಮತ್ತೆ, ಎರಡು ಚೌಕಗಳ ನಡುವಿನ ಖಾಲಿ ಜಾಗವನ್ನು ಓದುಗನ ಮನಸ್ಸೇ ತುಂಬಿಕೊಳ್ಳುತ್ತದೆ. ಈ ಎರಡನ್ನೂ ದಿನಚರಿ ಕಾಮಿಕ್ಕಿಗೆ ಹಚ್ಚಿ ನೋಡಿ. ನನ್ನ ಮಗಳು ತನ್ನ ಮುಖಕ್ಕೆ ಎರಡು ಚುಕ್ಕಿ, ಒಂದು ಗೆರೆ ಇಟ್ಟಿದ್ದಾಳೆ. ಆದ್ದರಿಂದ ಓದುವವರೆಲ್ಲ ಅವಳಾಗುತ್ತಾರೆ. ನನಗೆ ಮಾತ್ರ ದೊಡ್ಡ ಕುಂಕುಮ, ದಪ್ಪ ಹುಬ್ಬು, ಬೆರಳು ಬೆರಳಿಗೂ ವಿವರ. ಆದ್ದರಿಂದ ನಾನಾಗುವವರು ಯಾರೂ ಇಲ್ಲ, ಎಲ್ಲರೂ ನನ್ನನ್ನು ನೋಡುವವರೇ. ಇದನ್ನು ಅವಳು ಬೇಕೆಂದು ಮಾಡಿದ್ದಲ್ಲ. ಆ ಪ್ರಕಾರದ ವಾಡಿಕೆಯೇ ಅವಳ ಕೈಯಲ್ಲಿ ಮಾಡಿಸಿತು.

ಖಾಲಿ ಜಾಗದ ವಿಚಾರ ಇನ್ನೂ ಹತ್ತಿರದ್ದು. ಆ ಔಷಧಿ ಅಂಗಡಿಯ ಕಂತಿಗೆ ಒಂದು ಐದನೇ ಚೌಕ ಇತ್ತು. ಮಗಳಿಗೆ ಅದು ಗೊತ್ತಿರಲಿಲ್ಲ, ಶ್ಯಾಂಪೂ ಹಿಂದೆ ಇದ್ದಳಲ್ಲ. ವಿಮೆಯ ಗೊಂದಲದಲ್ಲಿ ನಮ್ಮವರ ಬಿಪಿ ಮಾತ್ರೆ ನಿಂತುಹೋಗಿ ಮೂರು ದಿನವಾಗಿತ್ತು. ನಾನು ಫೋನು ಮಾಡಿ ಮಾಡಿ ಸೋತಿದ್ದೆ. ಅವತ್ತು ಕೌಂಟರ್ ಬಿಟ್ಟು ಕದಲಲಿಲ್ಲ. ಮುರುಕಲೋ ಹರಕಲೋ, ಅದೇ ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ನಿಂತು, ಮೇಲಿನವರನ್ನು ಕರೆಸಿ, ಮಾತ್ರೆ ತೆಗೆದುಕೊಂಡೇ ಮನೆಗೆ ಬಂದೆ. ಆ ಹುಡುಗ ಕೊನೆಗೆ ನನ್ನ ಕ್ಷಮೆಯನ್ನೂ ಕೇಳಿದ.

ಹಾಗಾದರೆ ದಿನಚರಿ ಕಾಮಿಕ್ ವಿಮರ್ಶೆ ಮಾಡುವವರು ಕೇಳಬೇಕಾದ ಪ್ರಶ್ನೆಗಳು, ನನ್ನ ಲೆಕ್ಕದಲ್ಲಿ, ಮೂರು. ಬಿಟ್ಟದ್ದು ಏನು? ಯಾರ ಬಾಯಲ್ಲಿ ಯಾವ ಭಾಷೆ? ಬರೆಯುವವರು ತಮ್ಮನ್ನೂ ಅಷ್ಟೇ ಖಾರವಾಗಿ ಬರೆದುಕೊಂಡಿದ್ದಾರಾ? "ಇದು ನಿಜವಾಗಿ ನಡೆಯಿತೇ" ಅನ್ನುವುದು ನಾಲ್ಕನೇ ಪ್ರಶ್ನೆ. ಅದಕ್ಕೆ ಸಾಮಾನ್ಯವಾಗಿ ಉತ್ತರ "ಹೌದು", ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅಂತ ಹೆಸರಿಟ್ಟರು. ಒಂದೇ ಮನಸ್ಸಿಗೆ ಹತ್ತು ಮುಖ. ನಾಲ್ಕು ಚೌಕದಲ್ಲಿ ಹತ್ತೂ ಹಿಡಿಸುವುದಿಲ್ಲ, ಒಪ್ಪುತ್ತೇನೆ. ಆದರೆ ವರ್ಷಕ್ಕೆ ಮುನ್ನೂರು ಕಂತು ಬರೆಯುವವರು ಅಮ್ಮನಿಗೆ ಎರಡನೇ ಮುಖ ಕೊಡಲು ಜಾಗವಿಲ್ಲ ಅನ್ನುವ ಹಾಗಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯಲ್ಲ.

"ನಿನ್ನ ಬಾಯಲ್ಲಿ ಕನ್ನಡ ಹಾಕಿದ್ರೆ ನನ್ನ ಫ್ರೆಂಡ್ಸ್‌ಗೆ ಅರ್ಥ ಆಗಲ್ಲ ಅಮ್ಮ."

"ಮಾಸ್ ಅಲ್ಲಿ ಹೇಗೆ ಮಾಡಿದಾನೆ ನೋಡು. ಮನೇಲಿ ನಾನು ಆಡೋ ಕನ್ನಡನ ನೀನು ಒಳ್ಳೆ ಇಂಗ್ಲಿಷಲ್ಲೇ ಬರಿ."

"ಆಗ ನೀನು ನನ್ನ ಟೀಚರ್ ಥರ ಕೇಳಿಸ್ತೀಯ. ಅದು ಸುಳ್ಳಾಗಲ್ವಾ?"

ನಾನು ಸ್ವಲ್ಪ ಯೋಚಿಸಿದೆ. "ನನ್ನ ಕನ್ನಡ ನಿನಗೆ ಹೇಗೆ ಕೇಳಿಸುತ್ತೆ, ಹಾಗೆ ಬರಿ" ಅಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ ಮಾತು ನನಗೆ ಇನ್ನೂ ಚೆನ್ನಾಗಿ ನೆನಪಿದೆ. "ನೀನು ಊರಿಗೆ ಫೋನ್ ಮಾಡಿ ಅಜ್ಜಿ ಹತ್ರ ಮಾತಾಡ್ತೀಯಲ್ಲ, ಅಷ್ಟು ಫಾಸ್ಟಾಗಿ ಆಡಿದ್ರೆ ನನಗೆ ಅರ್ಧ ಅರ್ಥ ಆಗಲ್ಲ. ನೀನು ಜೋಕ್ ಮಾಡ್ತೀಯ, ಎಲ್ಲರೂ ನಗ್ತಾರೆ, ನನಗೆ ಗೊತ್ತಾಗಲ್ಲ. ಇಂಗ್ಲಿಷಲ್ಲಿ ಆಡೋ ಅಮ್ಮ ಮಾತ್ರ ನನಗೆ ಪೂರ್ತಿ ಗೊತ್ತು."

ಇದು ನನ್ನ ಮೂರು ಪ್ರಶ್ನೆಗಳಲ್ಲಿ ಇರಲಿಲ್ಲ. ಬರೆಯುವವರು ಬಿಟ್ಟದ್ದೆಲ್ಲ ಬೇಕೆಂದೇ ಬಿಟ್ಟದ್ದಲ್ಲ, ಕೆಲವು ಅವರಿಗೆ ತಲುಪಿಯೇ ಇರುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಅವಳು ಚಿಕ್ಕವಳಿದ್ದಾಗ, ಇಲ್ಲಿನ ಶಾಲೆಗೆ ಕಷ್ಟವಾದೀತು ಅಂತ ಮನೆಯಲ್ಲಿ ಇಂಗ್ಲಿಷು ಶುರು ಮಾಡಿದವಳು ನಾನೇ.

ಇನ್ನೊಂದು ಪೆಟ್ಟೂ ಬಿತ್ತು. "ನೀನು ಇದನ್ನೆಲ್ಲ ರೇಡಿಯೋದಲ್ಲಿ ಹೇಳ್ತೀಯಾ? ನನ್ನ ಕೇಳಿದ್ಯಾ?" ಸರಿಯಾದ ಪ್ರಶ್ನೆ. ನಾನು ಮಾಡುತ್ತಿರುವುದೂ ದಿನಚರಿಯೇ, ಅದರಲ್ಲಿ ಪಾತ್ರ ಅವಳು. ಕೇಳಿದೆ. ಒಪ್ಪಿದಳು, ಎರಡು ಷರತ್ತು ಹಾಕಿ. ಅವಳ ಹೆಸರು ಬೇಡ. ಇನ್ನು, ಆ ಮಾತುಕತೆಯ ಕೊನೆಯಲ್ಲಿ ಅವಳು ಹೇಳಿದ ಒಂದು ಸಂಗತಿ ಬೇಡ. ಸ್ಪೀಗಲ್‌ಮನ್ ಮಾಡಿದ ಹಾಗೆ ನಾನು ಮಾಡುವುದಿಲ್ಲ, ಅದು ನಮ್ಮಿಬ್ಬರಲ್ಲೇ ಇರುತ್ತದೆ.

ಹಳೆಯ ಕಂತನ್ನು ತೆಗೆ ಅಂತ ನಾನು ಹೇಳಲಿಲ್ಲ, ಅವಳು ತೆಗೆಯಲೂ ಇಲ್ಲ. ಅದು ಒಳ್ಳೆಯ ಕಂತೇ. ಎರಡು ವಾರದ ಮೇಲೆ ಹೊಸದೊಂದು ಬರೆದಳು. ಅದರಲ್ಲಿ ನಾನು ಅಡುಗೆಮನೆಯಲ್ಲಿ ಫೋನು ಹಿಡಿದು ನಗುತ್ತಿದ್ದೇನೆ. ಮಾತಿನ ಗುಳ್ಳೆಯ ತುಂಬ ಕನ್ನಡ ಅಕ್ಷರ, ಅನುವಾದವಿಲ್ಲ. ಪಕ್ಕದಲ್ಲಿ ಅವಳು, ತನ್ನ ಗುಳ್ಳೆಯಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಕನ್ನಡದಲ್ಲಿ ಎರಡು ಕಾಗುಣಿತ ತಪ್ಪಿತ್ತು. ನಾನು ಹೇಳಿದೆ, ಅವಳು ಒಂದನ್ನು ತಿದ್ದಿದಳು, ಇನ್ನೊಂದನ್ನು ಹಾಗೇ ಬಿಟ್ಟಳು. ಲೈಕು ಕಡಿಮೆ ಬಂತಂತೆ.

ಕಿಯಾಮಾ 1937ರಲ್ಲಿ ಜಪಾನಿಗೆ ಮರಳಿ 1951ರಲ್ಲಿ ತೀರಿಕೊಂಡರು. ತಮ್ಮ ಪುಸ್ತಕ ಇಂಗ್ಲಿಷಿಗೆ ಬಂದದ್ದನ್ನು ಅವರು ನೋಡಲಿಲ್ಲ. ಆದರೆ ನೂರು ವರ್ಷದ ಹಿಂದೆ ಇಲ್ಲಿ ಮನೆಗೆಲಸಕ್ಕೆ ನಿಂತ ಏಷ್ಯಾದ ಹುಡುಗರು ರಾತ್ರಿ ತಮ್ಮ ಕೋಣೆಯಲ್ಲಿ ಏನು ಮಾತಾಡಿ ನಗುತ್ತಿದ್ದರು ಅಂತ ತಿಳಿಯಬೇಕಾದರೆ ನಾವು ಸರ್ಕಾರಿ ಕಡತ ನೋಡಿದರೆ ಸಾಲದು, ಆ ಕಾಮಿಕ್ ನೋಡಬೇಕು. ನಾಳೆ ನಮ್ಮ ತಲೆಮಾರಿನ ಬಗ್ಗೆ ಯಾರಿಗಾದರೂ ತಿಳಿಯಬೇಕು ಅನ್ನಿಸಿದರೆ ಅವರು ನೀವು ಬರೆದದ್ದನ್ನು ನೋಡುತ್ತಾರೆ. ನಮ್ಮನ್ನು ದೇವರ ಪಟದ ಹಾಗೆ ಬರೆಯಿರಿ ಅಂತ ಯಾರೂ ಕೇಳುತ್ತಿಲ್ಲ. ಗೇಲಿ ಮಾಡಿ, ನಮ್ಮ ಇಂಗ್ಲಿಷನ್ನೂ ಬರೆಯಿರಿ. ಕೌಂಟರಿನ ಮುಂದೆ ಇನ್ನು ಐದು ನಿಮಿಷ ಹೆಚ್ಚು ನಿಂತು ನೋಡಿ ಬರೆಯಿರಿ, ಅಷ್ಟೇ. ಮನೆಯಲ್ಲಿ ಅರ್ಥವಾಗದ ಜೋಕು ಕೇಳಿದರೆ "ಏನಂದೆ?" ಅಂತ ಕೇಳಿ. ನಮಗೆ ಹೇಳುವುದಕ್ಕೆ ಬೇಸರವಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಕಾಮಿಕ್ ಬರೆಯುತ್ತಿದ್ದರೆ ನಮ್ಮ ಬಾನುಲಿಗೆ ಕಳಿಸಿ. ಓದಿ ಅಭಿಪ್ರಾಯ ಹೇಳುತ್ತೇನೆ, ಆದರೆ ಮೊದಲು ಅದರಲ್ಲಿ ಇರುವವರಿಗೆ ಒಮ್ಮೆ ತೋರಿಸಿ ಬನ್ನಿ.